ಮೇಷ್ಟ್ರ ಬುಧವಾರದ ಸಭೆ

ಟೆಕ್ಸಸ್‌ನ ಅಲೆನ್‌ನಲ್ಲಿ ಮನೆ ಕೊಂಡ ಮೇಲೆ ನಮ್ಮನ್ನು ಮೊದಲು ಮಾತಾಡಿಸಿದವರು ಪಕ್ಕದ ಮನೆಯ ಹಿರಿಯರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು. ನಾನೂ ನನ್ನ ಗಂಡನೂ ಮನೆಯೊಳಗೆ ಅವರನ್ನು ಮೇಷ್ಟ್ರು ಅನ್ನುತ್ತಿದ್ದೆವು. ತಾವು ಕನ್ಸರ್ವೇಟಿವ್ ಎಂಬುದನ್ನು ಅವರು ಮೊದಲ ವಾರವೇ, ಹುಲ್ಲು ಕತ್ತರಿಸುವ ಮಿಷನ್ ನಿಲ್ಲಿಸಿ, ಹೇಳಿಬಿಟ್ಟರು. ತಮಗೆ ಸಕ್ಕರೆ ಕಾಯಿಲೆ ಇದೆ ಎಂದು ಹೇಳಿದಷ್ಟೇ ಸಲೀಸಾಗಿ.

ಅವರ ದೂರುಗಳು ಬಹಳ ಇದ್ದವು. ಚರ್ಚಿಗೆ ಜನ ಬರುವುದಿಲ್ಲ. ಮದುವೆ ನಿಲ್ಲುವುದಿಲ್ಲ. ಅಕ್ಕಪಕ್ಕದವರು ಮಾಡಬೇಕಾದ್ದನ್ನೆಲ್ಲ ಸರ್ಕಾರ ಮಾಡಲಿ ಎಂದು ಎಲ್ಲರೂ ಕೈಕಟ್ಟಿ ಕೂತಿದ್ದಾರೆ. ಕಾಲೇಜಿಗೆ ಹೋದ ಮಕ್ಕಳು ತಾತನ ಬಗ್ಗೆ ನಾಚಿಕೆಪಡುವುದನ್ನು ಕಲಿತು ಬರುತ್ತಾರೆ. ನಾನು ಕೆಲವಕ್ಕೆ ತಲೆಯಾಡಿಸುತ್ತಿದ್ದೆ, ಕೆಲವಕ್ಕೆ ಸುಮ್ಮನಿರುತ್ತಿದ್ದೆ. ಬಂದೂಕಿನ ಬಗ್ಗೆ ಮಾತ್ರ ಜಗಳವೇ ಆಡಿದ್ದೇನೆ. ಆದರೆ ಅವರ ಭಯ ನನಗೆ ಅಪರಿಚಿತವಾಗಿರಲಿಲ್ಲ. ನಾನೂ ಪ್ರತಿ ಭಾನುವಾರ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಕನ್ನಡ ಕ್ಲಾಸಿಗೆ ಹೋಗುತ್ತಿದ್ದೆ. ದಾರಿಯುದ್ದಕ್ಕೂ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು.

ಮೇಷ್ಟ್ರು ಬುಧವಾರ ಸಂಜೆ ಚರ್ಚಿನ ಹಾಲಿನಲ್ಲಿ ಒಂದು ಚರ್ಚಾಕೂಟ ನಡೆಸುತ್ತಿದ್ದರು. ಹತ್ತು ಹನ್ನೆರಡು ಜನ, ಹೆಚ್ಚಿನವರು ಅರವತ್ತು ದಾಟಿದವರು. ಒಂದು ಸಲ ವಿಷಯ ಕುಟುಂಬ. ನೀವು ಬಂದು ನಿಮ್ಮ ಕಡೆ ಹಿರಿಯರನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ಹೇಳಬೇಕು ಎಂದು ನನ್ನನ್ನು ಕರೆದರು. ನನ್ನ ಗಂಡ ಹುಬ್ಬಳ್ಳಿಯವರು. ಅವರಿಗೆ ಇದು ಹಿಡಿಸಲಿಲ್ಲ.

"ಅಲ್ಲಿ ನಿಂದೇನ ಕೆಲಸ? ಅವರ ರಾಜಕೀಯ ಅವರಿಗಿರ್ಲಿ ಬಿಡು."

"ಕರ್ದಿದಾರಲ್ಲ ರೀ. ಒಂದ್ಸಲ ಹೋಗ್ಬರ್ತೀನಿ," ಅಂದೆ.

ಅಲ್ಲಿ ನಡೆದ ಮಾತೆಲ್ಲ ಇಂಗ್ಲಿಷಿನದು, ನೆನಪಿನಲ್ಲಿ ಉಳಿದಿರುವುದು ಕನ್ನಡದಲ್ಲಿ. ಅವರು ನನ್ನಿಂದ ಹೊಗಳಿಕೆ ನಿರೀಕ್ಷಿಸಿದ್ದರು, ನಾನೂ ಹೊಗಳಲೆಂದೇ ಎದ್ದು ನಿಂತೆ. ಒಂದೇ ಮನೆ, ಮೂರು ತಲೆಮಾರು, ಒಟ್ಟಿಗೆ ಊಟ. ಹೇಳುತ್ತ ಹೇಳುತ್ತ ನನ್ನ ಅಜ್ಜಿ ಕಣ್ಣ ಮುಂದೆ ಬಂದರು. "ಆ ಮನೆ ನಡೆದದ್ದು ಒಬ್ಬಳ ದುಡಿಮೆಯಿಂದ," ಅಂದೆ. "ನಲವತ್ತು ವರ್ಷ ಅವಳು ಎಲ್ಲರ ಊಟ ಮುಗಿದ ಮೇಲೇ ಊಟ ಮಾಡಿದಳು. ನಿನಗೇನು ಬೇಕು ಅಂತ ಅವಳನ್ನು ಯಾರೂ ಕೇಳಲಿಲ್ಲ. ನಾನು ಆ ಮನೆಯನ್ನು ಪ್ರೀತಿಸ್ತೀನಿ, ಆದರೆ ನನ್ನ ಮಗಳಿಗೆ ಅದೇ ಬೇಕು ಅಂತ ಹೇಳಲಾರೆ."

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಮೆಲ್ಲಗೆ ತಲೆಯಾಡಿಸಿದಳು. ಟ್ರಕ್ ರಿಪೇರಿ ಅಂಗಡಿ ನಡೆಸುತ್ತಿದ್ದ ದಪ್ಪ ಮೀಸೆಯವನೊಬ್ಬ ಕೈಯೆತ್ತಿದ. "ನಿಮ್ಮ ಮೇಲೆ ನನಗೇನೂ ಇಲ್ಲ. ಆದರೆ ನನ್ನ ಊರು ಈಗ ನನ್ನ ಊರಿನ ಹಾಗೆ ಕಾಣ್ತಿಲ್ಲ. ಅಂಗಡಿ ಬೋರ್ಡು ಓದೋಕಾಗಲ್ಲ. ಇಷ್ಟು ಜನ ಬರ್ತಾನೇ ಇದ್ದರೆ ಉಳಿಸಿಕೊಳ್ಳೋಕೆ ಏನಿರತ್ತೆ?"

ನಾನು ಮೇಷ್ಟ್ರ ಮುಖ ನೋಡಿದೆ. ಅವರು ಕೈಲಿದ್ದ ಕಾಗದ ನೋಡುತ್ತ ಕೂತಿದ್ದರು. ನಾನು ಬ್ಯಾಗು ತೆಗೆದುಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಅವರು ಬಾಗಿಲು ತಟ್ಟಿದರು. "ನಾನು ಮಾತಾಡಬೇಕಾಗಿತ್ತು. ಅಂಥ ಹೊತ್ತಲ್ಲಿ ಸುಮ್ಮನಿರಬಾರದು ಅಂತ ಮಕ್ಕಳಿಗೆ ಮೂವತ್ತು ವರ್ಷ ಹೇಳಿಕೊಟ್ಟವನು ನಾನು," ಅಂದರು.

"ಹೌದು, ಮಾತಾಡಬೇಕಾಗಿತ್ತು," ಅಂದೆ. ಕಾಫಿಗೆ ಒಳಗೆ ಕರೆಯಲಿಲ್ಲ. ಆ ಬೇಸಿಗೆಯಿಡೀ ಬೇಲಿಯ ಆಚೆಯಿಂದ ನಮಸ್ಕಾರ, ಅಷ್ಟೇ.

ಬೇಸಿಗೆಯ ಕೊನೆಯಲ್ಲಿ ಚಂಡಮಾರುತ ಬಂದು ಹ್ಯೂಸ್ಟನ್‌ಗೆ ನೀರು ನುಗ್ಗಿತು. ಅದರ ಪಕ್ಕದ ಮಿಸೌರಿ ಸಿಟಿಯಲ್ಲಿದ್ದ ನನ್ನ ಅಣ್ಣನ ಮನೆಯ ಕೆಳಗಿನ ಅಂತಸ್ತಿನಲ್ಲಿ ಮೊಳಕಾಲುದ್ದ ನೀರು. ದೋಣಿ ಬಂದು ಅಣ್ಣ ಅತ್ತಿಗೆಯನ್ನು ಕರೆದೊಯ್ದಿತ್ತು. ನೀರಿಳಿದ ದಿನ ಮೇಷ್ಟ್ರು ಮತ್ತೆ ಬಂದರು. "ಬುಧವಾರದವರು ನಾಳೆ ಹೊರಡ್ತಿದ್ದೇವೆ, ನೀರು ನುಗ್ಗಿದ ಮನೆಗಳನ್ನು ಶುಚಿ ಮಾಡೋಕೆ, ಮೂರು ಟ್ರಕ್. ಎಲ್ಲಿಂದಾದರೂ ಶುರು ಮಾಡಲೇಬೇಕಲ್ಲ, ನಿಮ್ಮ ಅಣ್ಣನ ವಿಳಾಸ ಕೊಡಿ," ಅಂದರು.

ನಾವೂ ಅವರ ಹಿಂದೆಯೇ ಡ್ರೈವ್ ಮಾಡಿಕೊಂಡು ಹೋದೆವು. ಅಣ್ಣನ ಮನೆ ಮುಟ್ಟಿದಾಗ ಮೀಸೆಯವನು ಆಗಲೇ ಒಳಗಿದ್ದ, ನೀರು ಕುಡಿದು ಉಬ್ಬಿದ ಗೋಡೆಯ ಹಲಗೆಗಳನ್ನು ಕೀಳುತ್ತಿದ್ದ. ನನ್ನನ್ನು ಕಂಡು ತಲೆಯಾಡಿಸಿ ಕೆಲಸ ಮುಂದುವರಿಸಿದ. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಪಕ್ಕದ ದೇವರ ಗೂಡಿನ ಮುಂದೆ ನಿಂತು ನನ್ನನ್ನು ಕರೆದ.

"ಇವನ್ನು ಮೇಲೆ ಒಣಗಿದ ಕಡೆ ಇಡಬೇಕು. ಮುಟ್ಟೋ ಮುಂಚೆ ಬೂಟು ಬಿಚ್ಚಬೇಕಾ?"

ನೆಲದ ಮೇಲೆ ಎರಡು ಬೆರಳು ಕೆಸರಿತ್ತು. ನಾನು ಏನು ಹೇಳಲೆಂದು ಯೋಚಿಸುವಷ್ಟರಲ್ಲಿ ಅತ್ತಿಗೆಯೇ, "ಬೇಡ, ಮೊಳೆಗಿಳೆ ಚುಚ್ಚೀತು," ಅಂದರು. ಅವನು ಕೈಗವಸು ಮಾತ್ರ ತೆಗೆದು, ಪ್ಯಾಂಟಿಗೆ ಕೈ ಒರೆಸಿಕೊಂಡು, ಒಂದೊಂದೇ ಫೋಟೊ ಎತ್ತಿ ಮಹಡಿಗೆ ಸಾಗಿಸಿದ. ಸಭೆಯಲ್ಲಿ ಆಡಿದ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ಕೇಳಲಿಲ್ಲ.

ಮಧ್ಯಾಹ್ನಕ್ಕೆ ಆಸ್ಟಿನ್‌ನಿಂದ ಒಂದು ಕಾರು ಬಂತು. ಮೇಷ್ಟ್ರ ಮಗಳು. ಅಲ್ಲಿ ಲೈಬ್ರರಿಯೊಂದರಲ್ಲಿ ಕೆಲಸ. ಚುನಾವಣೆಯ ಸಮಯದಲ್ಲಿ ಅಪ್ಪನೊಂದಿಗೆ ಮಾತು ಬೆಳೆದು, ಅಲ್ಲಿಂದೀಚೆಗೆ ಫೋನನ್ನೇ ಮಾಡಿರಲಿಲ್ಲ. ಹೊರಡುವ ಮುನ್ನ ಮೇಷ್ಟ್ರೇ ಫೋನ್ ಮಾಡಿ, "ಕೈಗಳು ಬೇಕು, ಬರ್ತೀಯಾ?" ಎಂದಷ್ಟೇ ಕೇಳಿದ್ದರಂತೆ. ಇಬ್ಬರೂ ಅಪ್ಪಿಕೊಳ್ಳಲಿಲ್ಲ. ಅವಳು ಒಂದು ಹಾರೆ ಎತ್ತಿಕೊಂಡು ಒಳಗೆ ಬಂದಳು.

ಊಟಕ್ಕೆ ನಾನು ಕಟ್ಟಿ ತಂದಿದ್ದ ಬಿಸಿಬೇಳೆಬಾತು. ಗ್ಯಾರೇಜಿನಲ್ಲಿ ಬಕೆಟ್ಟುಗಳನ್ನು ಬೋರಲು ಹಾಕಿ ಕೂತೆವು. ಎರಡು ತುತ್ತಿಗೆ ಮೇಷ್ಟ್ರ ಮುಖ ಕೆಂಪಾಯಿತು. ನೀರು ಕುಡಿದು, "ನೋಡು, ಇಲ್ಲಿಗೆ ಮೊದಲು ಬಂದದ್ದು ಸರ್ಕಾರ ಅಲ್ಲ, ಚರ್ಚಿನವರು," ಎಂದು ಮಗಳಿಗೆ ಹೇಳಿದರು.

"ಗೋಡೆ ಕಿತ್ತು ಹೋಗ್ತೀರಿ, ಡ್ಯಾಡಿ. ಗೋಡೆ ಮತ್ತೆ ಕಟ್ಟೋಕೆ ಯಾರು ಬರ್ತಾರೆ? ಚರ್ಚೇ ಇಲ್ಲದ ಬೀದಿಯಲ್ಲಿರೋರಿಗೆ ಯಾರು ಬರ್ತಾರೆ?"

ಜಗಳ ಜೋರಾಯಿತು. ಮೀಸೆಯವನು ಮೇಷ್ಟ್ರ ಪಕ್ಷ, ನನ್ನ ಗಂಡ ಮಗಳ ಪಕ್ಷ. ನಾನು ಎರಡು ಕಡೆಗೂ ಬಡಿಸಿದೆ. ಅಣ್ಣ ಸರ್ಕಾರದ ನೆರವಿಗೆ ಆ ವಾರವೇ ಅರ್ಜಿ ಹಾಕಿದ, ಸ್ವಲ್ಪ ಸಹಾಯ ಬಂತು ಕೂಡ. ಆದರೆ ಅದು ಬರುವ ಹೊತ್ತಿಗೆ ಗೋಡೆಗಳು ಒಣಗಿದ್ದವು. ಅಪ್ಪ ಮಗಳು ಇಬ್ಬರ ಮಾತೂ ಅರ್ಧರ್ಧ ನಿಜವಾಯಿತು.

ವಾಪಸು ಬಂದ ಮೇಲಿನ ಮೊದಲ ಬುಧವಾರ ಯಾರೂ ಕರೆಯದೆಯೇ ನಾನು ಚರ್ಚಿನ ಹಾಲಿಗೆ ಹೋದೆ. ಮೇಷ್ಟ್ರು ಎದ್ದು ನಿಂತು, ಹಿಂದಿನ ಸಲ ಒಬ್ಬ ಅತಿಥಿಯ ಮುಂದೆ ತಾವು ಸುಮ್ಮನಿದ್ದದ್ದು ತಪ್ಪು, ಒಳ್ಳೆಯದನ್ನು ಉಳಿಸಿಕೊಳ್ಳುವುದೆಂದರೆ ಬಾಗಿಲು ಹಾಕುವುದು ಎಂದು ತಾವು ಯಾವತ್ತೂ ನಂಬಿಲ್ಲ ಅಂದರು. ಇಬ್ಬರು ಎದ್ದು ಹೋದರು, ಆಮೇಲೆ ಬರಲೂ ಇಲ್ಲ. ಮೀಸೆಯವನು ಕೂತೇ ಇದ್ದ. ಗಡಿ, ವೀಸಾ, ಎಲ್ಲದರ ಬಗ್ಗೆಯೂ ಅವನು ನನ್ನೊಡನೆ ವಾದ ಮಾಡಿದ, ಆ ವಾರವೂ, ಅದರ ಮುಂದಿನ ಹಲವು ವಾರಗಳೂ. ನಾವು ಒಬ್ಬರನ್ನೊಬ್ಬರು ಒಪ್ಪಿಸಿದ್ದು ಬಹಳ ಕಡಿಮೆ.

ಆ ಕ್ರಿಸ್‌ಮಸ್‌ಗೆ ಮೇಷ್ಟ್ರು ಆಸ್ಟಿನ್‌ಗೆ ಹೋದರು. ಹೇಗಿತ್ತು ಎಂದು ಕೇಳಿದೆ. "ಎರಡು ದಿನ ಜಗಳ ಆಡಿದೆವು. ಮೂರನೇ ದಿನವೂ ಇರು ಅಂದಳು," ಅಂದರು. ನಾನು ಅವರನ್ನು ಕಾಫಿಗೆ ಒಳಗೆ ಕರೆದೆ.