ಗಡ್ಡದ ಓತಿ ಕಳೆದುಕೊಂಡ ಆರು ದಿನ

೨೦೨೩ನೆಯ ಇಸವಿ ಜನವರಿ ೧೧, ಬುಧವಾರ. ಆಧಾರ: ನನ್ನ ದಿನಚರಿ, ಎಡಪುಟ, ಮೇಲಿನಿಂದ ನಾಲ್ಕನೆಯ ಸಾಲು. ವಾರವನ್ನು ಪಂಚಾಂಗದೊಂದಿಗೆ ತಾಳೆ ನೋಡಿದ್ದೇನೆ, ಸರಿಯಿದೆ. ಸಾಲು ಹೀಗಿದೆ: “ಹಿಂಗಾಲಿನ ಬೆರಳುಗಳಲ್ಲಿ ನಡುಕ. ಹುಳು ಮುಟ್ಟಲಿಲ್ಲ. ಹೊಟ್ಟೆಯನ್ನು ನೆಲಕ್ಕೆ ತಾಗಿಸಿ ತೆವಳುತ್ತಿದೆ.”

ತೆವಳುತ್ತಿದ್ದುದು ನನ್ನ ಮೊಮ್ಮಗಳ ಗಡ್ಡದ ಓತಿ. ಅಂಗಡಿಯವರು ಅದನ್ನು ಬಿಯರ್ಡೆಡ್ ಡ್ರ್ಯಾಗನ್ ಎನ್ನುತ್ತಾರೆ. ಮೂಲತಃ ಆಸ್ಟ್ರೇಲಿಯದ ಒಣನೆಲದ ಪ್ರಾಣಿ; ನಮ್ಮ ಬೇಲಿಯ ಓತಿಕ್ಯಾತದ ಕುಲಕ್ಕೇ ಸೇರಿದ್ದು, ಆದ್ದರಿಂದ ಕನ್ನಡದಲ್ಲಿ ನಾನಿಟ್ಟ ಹೆಸರು ತಪ್ಪಲ್ಲ. ಮೊಳದುದ್ದ, ಮರಳಿನ ಬಣ್ಣ, ಕೊರಳ ಸುತ್ತ ಮೆತ್ತನೆಯ ಮುಳ್ಳುಗಳ ಗಡ್ಡ. ಹಿಂದಿನ ಮಾರ್ಚಿನಲ್ಲಿ ಮೊಮ್ಮಗಳ ಹನ್ನೆರಡನೆಯ ಹುಟ್ಟುಹಬ್ಬಕ್ಕೆಂದು ದೆಹಲಿಯ ಪೀತಮ್‌ಪುರದ ಅಂಗಡಿಯೊಂದರಿಂದ ಬಂದಿತ್ತು. ಮಗಳೂ ಅಳಿಯನೂ ಬೆಳಗಾದರೆ ಓಖ್ಲಾದ ಕಚೇರಿಗಳಿಗೆ ಹೊರಡುವವರು, ಮೊಮ್ಮಗಳು ಶಾಲೆಗೆ. ಘಾಜಿಯಾಬಾದಿನ ಹನ್ನೊಂದನೆಯ ಮಹಡಿಯ ನಮ್ಮ ಫ್ಲಾಟಿನಲ್ಲಿ ಹಗಲೆಲ್ಲ ಉಳಿಯುತ್ತಿದ್ದವರು ನಾನು ಮತ್ತು ಅದು. ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಕಳೆದವನು ಈಗ ಓತಿ ಕಾಯುತ್ತಿದ್ದಾನೆ ಎಂದು ಹಳೆಯ ಸಹೋದ್ಯೋಗಿಗಳು ಫೋನಿನಲ್ಲಿ ನಕ್ಕರು. ನಾನು ಮಾತ್ರ ಅದರ ಊಟ, ಮಲ, ಗೂಡಿನ ಉಷ್ಣತೆ ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡುತ್ತಿದ್ದೆ. ಅಭ್ಯಾಸ ಬಿಡಲಿಲ್ಲ.

ಈಗ ಇದನ್ನು ಬರೆಯಲು ಕಾರಣ ಒಂದು ದೂರಿನ ಪತ್ರ. ನಡುಕ ಕಂಡ ದಿನದಿಂದ ಬಲ್ಲ ವೈದ್ಯರ ಕೈಗೆ ಆ ಜೀವ ಸೇರುವವರೆಗೆ ಆರು ದಿನ ಕಳೆದವು. ಆ ಆರು ದಿನಗಳಲ್ಲಿ ಅದರ ದವಡೆ ಬಾಗಿತು. ಬಾಗಿದ್ದು ಇಂದಿಗೂ ನೇರವಾಗಿಲ್ಲ. ಆ ದಿನಗಳನ್ನು ತಿಂದವರು ಯಾರೆಂದು ದಿನಾಂಕ ಸಮೇತ ತೋರಿಸಿ, ಸಂಬಂಧಪಟ್ಟ ಇಬ್ಬರಿಗೂ ಪತ್ರ ಬರೆಯಬೇಕೆಂದು ನಿಶ್ಚಯಿಸಿದ್ದೆ. ಸಿಟ್ಟು ಆರುವ ಮೊದಲೇ ಬರೆಯಬೇಕೆಂದು ಆತುರಪಡುವ ಅಗತ್ಯವಿರಲಿಲ್ಲ. ಅದು ಆರುವ ಲಕ್ಷಣವೇ ಇರಲಿಲ್ಲ.

ಜನವರಿ ೧೨. ನಮ್ಮ ಸೊಸೈಟಿಯ ಗೇಟಿನಿಂದ ಮೂರನೆಯ ಕಟ್ಟಡದಲ್ಲಿರುವ ಸಾಕುಪ್ರಾಣಿಗಳ ಚಿಕಿತ್ಸಾಲಯ. ಮೊಮ್ಮಗಳು ಶೂ ಡಬ್ಬಿಯ ಮುಚ್ಚಳ ತೆಗೆದಾಗ ಮೇಜಿನಾಚೆಯ ಯುವವೈದ್ಯ ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದ. ಮುಟ್ಟಲಿಲ್ಲ. ಡಬ್ಬಿಯೊಳಗೆ ಇಣುಕಿದ, ಅಷ್ಟೇ.

“ಸರ್ದಿ ಹೈ ನಾ ಅಂಕಲ್‌ಜೀ. ಚಳಿಗಾಲದಲ್ಲಿ ಇವು ಮಲಗಿಬಿಡ್ತವೆ. ಸೋನೇ ದೀಜಿಯೇ, ಮಲಗಲಿ ಬಿಡಿ.”

“ಮಲಗಿದ್ದಕ್ಕೆ ಬೆರಳು ಯಾಕೆ ನಡುಗುತ್ತೆ?” ಎಂದು ನಾನು ಹಿಂದಿಯಲ್ಲೇ ಕೇಳಿದೆ.

“ಕನಸು ಬಿದ್ದಿರಬೇಕು,” ಎಂದು ಅವನು ನಕ್ಕ. ಹಿಂದೆ ನಿಂತಿದ್ದ ನಾಯಿಯ ಒಡತಿಯೂ ನಕ್ಕಳು.

ಚಳಿಗೆ ಈ ಪ್ರಾಣಿಗಳು ಮಂಕಾಗುವುದೂ ವಾರಗಟ್ಟಲೆ ನಿದ್ರಿಸುವುದೂ ಸುಳ್ಳಲ್ಲ. ಆದರೆ ನಿದ್ರಿಸುವ ಓತಿ ಸುಮ್ಮನೆ ಮಲಗಿರುತ್ತದೆ. ಅದರ ಬೆರಳುಗಳು ತಂತಿ ಮಿಡಿದಂತೆ ಕಂಪಿಸುವುದಿಲ್ಲ, ಎಚ್ಚರವಿದ್ದೂ ಎದೆ ಎತ್ತಲಾರದೆ ಅದು ನೆಲ ನೆಕ್ಕುತ್ತ ಹೋಗುವುದಿಲ್ಲ. ಗೊತ್ತಿಲ್ಲ ಎಂಬ ಒಂದು ಪದವನ್ನು ಆ ಯುವಕ ಉಚ್ಚರಿಸಿದ್ದರೆ ನಾನು ಅದೇ ದಿನ ಬೇರೆಡೆ ಹುಡುಕುತ್ತಿದ್ದೆ. ಅಜ್ಞಾನ ಅಪರಾಧವಲ್ಲ. ಅಜ್ಞಾನಕ್ಕೆ ಬಿಳಿ ಕೋಟು ತೊಡಿಸಿ ಮೇಜಿನ ಹಿಂದೆ ಕೂರಿಸುವುದು ಅಪರಾಧ. ಇದನ್ನು ಪತ್ರದ ಮೊದಲ ಪರಿಚ್ಛೇದದಲ್ಲೇ ಬರೆದೆ.

ಎರಡನೆಯ ಭೇಟಿ ಸಂಕ್ರಾಂತಿಯ ದಿನ ಎಂದು ನನ್ನ ನೆನಪು. ದಿನಚರಿ ಹೇಳುವುದು ಶನಿವಾರ, ಜನವರಿ ೧೪. ಆ ವರ್ಷ ಸೂರ್ಯ ಮಕರಕ್ಕೆ ದಾಟಿದ್ದು ೧೪ರ ಸಂಜೆಯ ನಂತರ, ಹಬ್ಬ ಆಚರಿಸಿದ್ದು ೧೫ರಂದು. ಆದ್ದರಿಂದ ನೆನಪನ್ನು ತಿದ್ದಿಕೊಂಡಿದ್ದೇನೆ: ಹಬ್ಬದ ಹಿಂದಿನ ದಿನ. ಮೆಟ್ರೊ ಹಿಡಿದು ಪೀತಮ್‌ಪುರದ ಆ ಅಂಗಡಿಗೆ ಒಬ್ಬನೇ ಹೋದೆ. ಮೀನಿನ ತೊಟ್ಟಿಗಳ ನಡುವೆ ಮಾಲೀಕ ಚಹಾ ಕುಡಿಯುತ್ತಿದ್ದ.

“ಭಯ್ಯಾ, ಇದು ಹುಟ್ಟಿದ್ದು ಯಾವತ್ತು? ತಂದದ್ದು ಎಲ್ಲಿಂದ? ಏನಾದರೂ ಕಾಗದ ಇದೆಯೇ?”

“ಅರೇ ಬಾಬೂಜೀ, ಕುಂಡಲೀ ಬನ್‌ವಾನೀ ಹೈ ಕ್ಯಾ?”

ಓತಿಗೆ ಜಾತಕ ಬರೆಸುತ್ತೀರಾ ಎಂಬ ಆ ಕುಹಕಕ್ಕೆ ಅಂಗಡಿಯ ಆಳುಗಳೆಲ್ಲ ನಕ್ಕರು. ನಾನು ಗೂಡಿನ ದೀಪದ ವಿಷಯ ಕೇಳಿದೆ. ಈ ಪ್ರಾಣಿಗೆ ಶಾಖದ ಬಲ್ಬಿನ ಜೊತೆಗೆ ಬಿಸಿಲಿನ ನೇರಳಾತೀತ ಕಿರಣ ಕೊಡುವ ಒಂದು ಟ್ಯೂಬ್ ಬೇಕು. ಇಲ್ಲದಿದ್ದರೆ ತಿಂದ ಸುಣ್ಣದ ಅಂಶ ಮೂಳೆಗೆ ಹತ್ತುವುದಿಲ್ಲ. ಆ ಟ್ಯೂಬನ್ನು ಮಾರಿದವನೂ ಇವನೇ.

“ಜಲ್ ರಹಾ ಹೈ ನಾ? ಉರೀತಾ ಇದೆ ತಾನೇ? ತೋ ಠೀಕ್ ಹೈ. ನಿಮ್ಮ ಡಾಕ್ಟರ್ ಏನಂದ್ರು?”

“ಚಳಿಯ ನಿದ್ದೆ ಅಂದರು.”

“ಬಸ್! ಡಾಕ್ಟರೇ ಹೇಳಿದ ಮೇಲೆ ಮುಗೀತು.”

ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂಬ ಗಾದೆಯನ್ನು ಜೀವನದಲ್ಲಿ ನೂರು ಸಲ ಬಳಸಿದ್ದೇನೆ. ನಿಜವಾದ ಓತಿಯೊಂದು ಪ್ರಾಣಸಂಕಟದಲ್ಲಿರುವಾಗ ವೈದ್ಯ ಅಂಗಡಿಗೂ ಅಂಗಡಿ ವೈದ್ಯನಿಗೂ ಸಾಕ್ಷಿ ನಿಲ್ಲುವುದನ್ನು ಕಂಡದ್ದು ಅಂದೇ. ಅವನು ಕೈಗಿಟ್ಟ ವಿಟಮಿನ್ ಸೀಸೆಯ ಹೆಸರನ್ನು ಮೆಟ್ರೊದಲ್ಲಿ ಕುಳಿತು ದಿನಾಂಕ ಹಾಕಿ ಬರೆದುಕೊಂಡೆ.

೧೫ರಂದು ಗಡ್ಡ ಕಪ್ಪಾಯಿತು. ನೋವಿನಲ್ಲೂ ಭಯದಲ್ಲೂ ಹಾಗಾಗುತ್ತದೆ. ೧೬ರಂದು ಮೊಮ್ಮಗಳು ಹುಳುವನ್ನು ಇಕ್ಕಳದಿಂದ ಬಾಯ ಬಳಿ ಹಿಡಿದಳು. ಓತಿ ಕಚ್ಚಿತು. ಕೆಳದವಡೆ ರಬ್ಬರಿನಂತೆ ಒಂದು ಪಕ್ಕಕ್ಕೆ ಸರಿಯಿತು, ಹುಳು ಬಿದ್ದುಹೋಯಿತು. ಅವಳು ಇಕ್ಕಳ ಕೆಳಗಿಟ್ಟು, “ಅಜ್ಜಾ, ಇದು ಸಾಯುತ್ತಾ?” ಎಂದಳು. ಅವಳು ಅರ್ಧ ಹಿಂದಿ ಬೆರೆಸದೆ ಪೂರ್ಣ ಕನ್ನಡದಲ್ಲಿ ಮಾತಾಡುವುದು ಅಪರೂಪ. ಬಲವಂತವಾಗಿ ಬಾಯಿ ತೆರೆಸಿ ತಿನ್ನಿಸಲು ಹೊರಟಿದ್ದ ನನ್ನ ಕೈಯನ್ನು ತಡೆದವಳೂ ಅವಳೇ. ಆಮೇಲೆ ತಿಳಿಯಿತು, ಹಾಗೆ ಮಾಡಿದ್ದರೆ ದವಡೆಯೇ ಮುರಿಯುತ್ತಿತ್ತಂತೆ.

ಅಂದು ಐದು ಚಿಕಿತ್ಸಾಲಯಗಳಿಗೆ ಫೋನು ಮಾಡಿದೆ. “ಡಾಗ್ ಹೈ ಯಾ ಕ್ಯಾಟ್?” ಎರಡೂ ಅಲ್ಲ ಎಂದೊಡನೆ ಫೋನು ಇಡುತ್ತಿದ್ದರು. ಕೊನೆಗೆ ದಾರಿ ತೋರಿಸಿದ್ದು ಓಖ್ಲಾದಲ್ಲಿ ಮಗಳ ಜೊತೆ ಬಟ್ಟೆ ರಫ್ತಿನ ಕಚೇರಿಯಲ್ಲಿ ಕೆಲಸ ಮಾಡುವ ಹೆಂಗಸು. ಅವಳ ಮನೆಯಲ್ಲಿ ಇಗುವಾನ ಎಂಬ ದೊಡ್ಡ ಜಾತಿಯ ಹಲ್ಲಿ ಇದೆಯಂತೆ. ಸರೀಸೃಪಗಳನ್ನು ನೋಡುವ ವೈದ್ಯೆಯೊಬ್ಬರು ದಕ್ಷಿಣ ದೆಹಲಿಯಲ್ಲಿದ್ದಾರೆಂದು ಆಕೆ ನಂಬರು ಕಳಿಸಿದಳು. ಇಷ್ಟು ದೊಡ್ಡ ರಾಜಧಾನಿಯಲ್ಲಿ ಒಂದು ಜೀವದ ಉಳಿವು ಮಧ್ಯಾಹ್ನದ ಊಟದ ಹೊತ್ತಿನ ಹರಟೆಯ ಮೇಲೆ ನಿಂತಿತ್ತು.

ಜನವರಿ ೧೭, ಮಂಗಳವಾರ. ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ, ಮೇಲೆ ಡಬ್ಬಿಯಿಟ್ಟು, ಡಬ್ಬಿಗೆ ಶಾಲು ಹೊದಿಸಿ ಟ್ಯಾಕ್ಸಿಯಲ್ಲಿ ಹೊರಟೆವು. ಮಂಜಿನಲ್ಲಿ ಹೆದ್ದಾರಿ ಕಾಣುತ್ತಿರಲಿಲ್ಲ. ಮೊಮ್ಮಗಳು ಶಾಲೆ ತಪ್ಪಿಸಿ ಬಂದಿದ್ದಳು; ದಾರಿಯುದ್ದಕ್ಕೂ ಶಾಲಿನ ಕೆಳಗೆ ಕೈಯಿಟ್ಟು ಅದರ ಬೆನ್ನು ಮುಟ್ಟುತ್ತಲೇ ಇದ್ದಳು.

ವೈದ್ಯೆಗೆ ಐವತ್ತರ ಆಸುಪಾಸು. ಆಕೆ ಓತಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ತೋರುಬೆರಳಿನಿಂದ ದವಡೆಯನ್ನು ಮೆಲ್ಲಗೆ ಒತ್ತಿದರು, ಎಕ್ಸ್‌ರೇ ತೆಗೆಸಿದರು. ತೆರೆಯ ಮೇಲೆ ಮೂಳೆಗಳು ಅಳಿಸಿಹೋದ ಶಾಸನದ ಅಕ್ಷರಗಳಂತಿದ್ದವು. ಎಲ್ಲಿ ಮುಗಿಯುತ್ತವೆ, ಎಲ್ಲಿ ಮಾಂಸ ಶುರು ಎಂದು ಹೇಳುವಂತಿರಲಿಲ್ಲ. ರಕ್ತಕ್ಕೆ ಬೇಕಾದ ಸುಣ್ಣವನ್ನು ದೇಹ ತನ್ನ ಮೂಳೆಯಿಂದಲೇ ಕಿತ್ತು ತಿನ್ನುತ್ತಿತ್ತು. ಆಕೆ ಹಿಂದಿಯಲ್ಲಿ ಕೇಳಿದ್ದನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

“ಟ್ಯೂಬ್ ಯಾವಾಗ ಬದಲಾಯಿಸಿದ್ರಿ?”

“ಬದಲಾಯಿಸಿಲ್ಲ. ಉರಿಯುತ್ತಿದೆ.”

“ಬೆಳಕು ಉರಿಯುತ್ತೆ. ಆ ಕಿರಣ ತಿಂಗಳುಗಳ ಹಿಂದೆಯೇ ಸತ್ತಿರುತ್ತೆ. ತಿನ್ನೋಕೇನು?”

“ದಿನವೂ ಪಾಲಕ್,” ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಎಂದೆ. ಸೊಪ್ಪು ತಿಂದವನಿಗೆ ರೋಗವಿಲ್ಲ ಎಂಬ ಮನೆಯಲ್ಲಿ ಬೆಳೆದವನು ನಾನು. ಚಳಿಗಾಲದಲ್ಲಿ ಗಾಡಿಯ ಭಯ್ಯಾನ ಬಳಿ ಎಳೆಯ ಕಟ್ಟನ್ನೇ ಆರಿಸಿ ತರುತ್ತಿದ್ದೆ.

ಆಕೆ ಪೆನ್ನು ಕೆಳಗಿಟ್ಟರು. “ಪಾಲಕ್ ಇರೋ ಸುಣ್ಣವನ್ನೂ ಕಟ್ಟಿಹಾಕುತ್ತೆ. ಬಿಸಿಲು?”

“ಪ್ರತಿದಿನ ಎರಡು ತಾಸು. ಬಾಲ್ಕನಿಯಲ್ಲಿ, ನನ್ನ ಜೊತೆ.”

“ತೆರೆದ ಬಾಲ್ಕನಿ?”

ತೆರೆದದ್ದಲ್ಲ. ಹೊಗೆಮಂಜಿಗೆ ಹೆದರಿ ನಮ್ಮ ಕಟ್ಟಡದಲ್ಲಿ ಎಲ್ಲರೂ ಬಾಲ್ಕನಿಗೆ ಗಾಜು ಹಾಕಿಸಿಕೊಂಡಿದ್ದಾರೆ. ನವೆಂಬರ್ ಬಂದರೆ ಗಾಜು ಮುಚ್ಚಿ, ಒಳಗೆ ಕುರ್ಚಿ ಹಾಕಿ, ಕಿತ್ತಳೆ ಸುಲಿಯುತ್ತ ಬಿಸಿಲು ಕಾಯಿಸುವುದು ಇಲ್ಲಿಯವರ ಪದ್ಧತಿ, ನಾನೂ ಕಲಿತೆ. ಓತಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದಕ್ಕೆ ವಿಟಮಿನ್ ಡಿ ಕೊಡಿಸುತ್ತಿದ್ದೇನೆಂದು ನೆರೆಯವರಿಗೆಲ್ಲ ಹೇಳಿದ್ದೆ.

“ಗಾಜಿನ ಹಿಂದೆ ನಿಮಗೆ ಬೆಚ್ಚಗಾಗುತ್ತೆ ಸರ್. ಇದಕ್ಕೆ ಬೇಕಾದ್ದನ್ನ ಗಾಜು ಒಳಗೆ ಬಿಡಲ್ಲ. ಇನ್ನೊಂದು ವಾರ ತಡವಾಗಿದ್ರೆ ನೀವು ಬರೋ ಅಗತ್ಯವೇ ಇರ್ತಿರಲಿಲ್ಲ.”

ಮೊಮ್ಮಗಳು ನನ್ನ ಮುಖ ನೋಡಲಿಲ್ಲ. ಆ ಉಪಕಾರವನ್ನು ಮರೆತಿಲ್ಲ.

ಚುಚ್ಚುಮದ್ದು, ಹನಿಹನಿಯಾಗಿ ಸುಣ್ಣದ ದ್ರಾವಣ, ಹೊಸ ಟ್ಯೂಬು, ಮಧ್ಯೆ ಗಾಜಿನ ಅಡ್ಡವಿಲ್ಲದ ಗೂಡು. ಪಾಲಕ್ಕಿನ ಬದಲು ನುಗ್ಗೆಸೊಪ್ಪು, ಸಿಹಿಗುಂಬಳ. ಮೂರು ವಾರಕ್ಕೆ ನಡುಕ ನಿಂತಿತು. ಮಾರ್ಚಿನಲ್ಲಿ ಅದು ಎದೆಯೆತ್ತಿ ನಾಲ್ಕು ಹೆಜ್ಜೆ ನಡೆಯಿತು. ದವಡೆ ಮಾತ್ರ ಎಡಕ್ಕೆ ಬಾಗಿಯೇ ಉಳಿದಿದೆ. ಹುಳುವನ್ನು ತುಂಡು ಮಾಡಿ ಕೊಡಬೇಕು, ಜೀವಮಾನವಿಡೀ.

ಆ ವೈದ್ಯೆಯ ಎದುರು ನನ್ನ ತಪ್ಪುಗಳನ್ನು ನಾನು ಒಪ್ಪಿಕೊಂಡೆ. ಪತ್ರದಲ್ಲೂ ಮುಚ್ಚಿಡಲಿಲ್ಲ. ಆದರೆ ನನ್ನ ವಾದ ಸ್ಪಷ್ಟವಾಗಿತ್ತು: ತಿಳಿಯದೆ ತಪ್ಪಿದವನು ನಾನು, ಲಕ್ಷಣ ಕಂಡ ಮರುದಿನವೇ ಓಡಿದವನೂ ನಾನು. ನಡುಕವನ್ನು ಮೊದಲು ಗುರುತಿಸಿದವನು ನಾನೇ. ಕೂಲಿ ಪಡೆದು, ನಕ್ಕು, ಆರು ದಿನ ನುಂಗಿದವರು ಅವರು. ನಾಲ್ಕು ಪುಟ ಬರೆದೆ. ಕಳಿಸುವ ಮುನ್ನ, ಒಂದು ಭಾನುವಾರ ಬೆಳಿಗ್ಗೆ, ಮೊಮ್ಮಗಳಿಗೆ ಓದಿ ಹೇಳಿದೆ. ಘಟನೆಗೆ ಅವಳು ಎರಡನೆಯ ಸಾಕ್ಷಿ. ಒಂದೇ ಸಾಕ್ಷ್ಯವನ್ನು ನಂಬಿ ನಾನು ಎಂದೂ ಏನನ್ನೂ ಅಚ್ಚಿಗೆ ಕೊಟ್ಟವನಲ್ಲ.

ಅವಳು ಕೊನೆಯವರೆಗೆ ಕೇಳಿದಳು. “ಬಹುತ್ ಸ್ಟ್ರಾಂಗ್ ಹೈ, ಅಜ್ಜಾ,” ಎಂದಳು. ಆಮೇಲೆ, “ಲೇಕಿನ್ ಹನ್ನೊಂದನೇ ತಾರೀಖು ಫಸ್ಟ್ ಟೈಮ್ ಅಲ್ಲ,” ಎಂದಳು.

“ದಿನಚರಿಯಲ್ಲಿದೆ, ಮಗೂ.”

“ನಿಮ್ಮ ಡೈರಿಯಲ್ಲಿದೆ. ನಾನು ಮುಂಚೇನೇ ತೋರಿಸಿದ್ದೆ. ನೀವು ಹೇಳಿದ್ರಿ ಅಂತ ಸುಮ್ನಾದೆ.”

ಅವಳು ತನ್ನ ಫೋನಿನಲ್ಲಿ ಒಂದು ವಿಡಿಯೊ ಹುಡುಕಿ ನನ್ನ ಮುಂದಿಟ್ಟು, ಓತಿಗೆ ಹುಳು ಹೆಚ್ಚಲು ಅಡುಗೆಮನೆಗೆ ಹೋದಳು.

ಅದನ್ನು ಏಳು ಸಲ ನೋಡಿದ್ದೇನೆ. ಕಡತದ ದಿನಾಂಕ ೨೦೨೨ ಡಿಸೆಂಬರ್ ೨೪, ಶನಿವಾರ, ಬೆಳಿಗ್ಗೆ ೧೧ ಗಂಟೆ ೬ ನಿಮಿಷ. ಫೋನಿನ ಗಡಿಯಾರ ತಪ್ಪಿರಬಹುದೇ ಎಂದು ಅದೇ ದಿನದ ಇತರ ಚಿತ್ರಗಳೊಂದಿಗೆ ಹೋಲಿಸಿದೆ, ತಪ್ಪಿಲ್ಲ. ಆ ದಿನದ ನನ್ನ ಪುಟದಲ್ಲಿ ನಡುಕದ ಪ್ರಸ್ತಾಪವಿಲ್ಲ. ನನ್ನ ನೆನಪಿನಲ್ಲಿಯೂ ಇಲ್ಲ. ವಿಡಿಯೊ ಇಪ್ಪತ್ತೆರಡು ಸೆಕೆಂಡಿನದು. ಬಲ ಹಿಂಗಾಲಿನ ಬೆರಳುಗಳು ಸ್ಪಷ್ಟವಾಗಿ ಕಂಪಿಸುತ್ತಿವೆ. ಹುಡುಗಿಯ ಧ್ವನಿ: “ಅಜ್ಜಾ, ದೇಖೋ ನಾ, ಒಂದೇ ಕಾಲು ಹಿಲ್ತಾ ಇದೆ.” ಗಂಡಸಿನ ಧ್ವನಿ, ಚಿತ್ರದಾಚೆಯಿಂದ: “ಚಳಿಗೆ ಕಣೇ. ಇನ್ನೊಂಚೂರು ಬಿಸಿಲಲ್ಲಿ ಕೂರಿಸು, ಸರಿಹೋಗುತ್ತೆ.” ಧ್ವನಿ ನನ್ನದು. ಜನವರಿ ೧೧ಕ್ಕೆ ಅದು ಹದಿನೆಂಟು ದಿನ ಹಿಂದಿನದು.