ಹೆಲ್ಮೆಟ್ಟಿನೊಳಗೆ ಅಳಿಯ

ಪ್ರಯಾಣದ ದಿನ ನಾನು ನೀರು ಕುಡಿಯುವುದಿಲ್ಲ. ಕುಡಿಯುತ್ತಿರಲಿಲ್ಲ ಎಂದು ತಿದ್ದಿಕೊಳ್ಳಬೇಕು. ಎಪ್ಪತ್ತೊಂದು ವರ್ಷದ ಅಭ್ಯಾಸವಾದ್ದರಿಂದ ಪೆನ್ನಿಗೂ ಮೊದಲು ಅದೇ ಬಂತು.

ಮಕ್ಕಳೇ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬಾರದ್ದರಿಂದ ನಿಮ್ಮಮ್ಮ ವಸುಧಾ ಓದಿ ಹೇಳಬೇಕು. ತನ್ನ ವಿಷಯ ಬಂದ ಕಡೆ ಅವಳು ಎರಡು ಸಾಲು ಹಾರಿಸುವವಳೇ. ಓದುತ್ತಾ ಓದುತ್ತಾ ಕೆಮ್ಮಿದಳೆಂದರೆ ಏನನ್ನೋ ಬಿಟ್ಟಳೆಂದು ತಿಳಿದುಕೊಳ್ಳಿ. ನಿಮ್ಮಮ್ಮನೂ ನಾನೂ ಮೋಟರ್ ಸೈಕಲ್ಲಿನಲ್ಲಿ ನಿಮ್ಮ ದೇಶ ದಾಟಿ ಸಮುದ್ರ ಮುಟ್ಟಿದ ದಿನ ಅನಿಕಾ ಫೋನಿನಲ್ಲಿ, "ಅಜ್ಜಿ, ವಾಟ್ ಡಿಡ್ ಯೂ ಲರ್ನ್?" ಎಂದು ಪರೀಕ್ಷೆಯ ಮೇಷ್ಟ್ರ ಹಾಗೆ ಕೇಳಿದಳು. ರೋಹನ್ ಪಕ್ಕದಿಂದ, "ಗಿವ್ ಅಸ್ ಟಾಪ್ ಟೆನ್" ಎಂದ. ಹತ್ತು ಪಾಠ ಎಲ್ಲಿಂದ ತರಲಿ? ಕಲಿತದ್ದು ಒಂದೇ. ಅದನ್ನು ಫೋನಿನಲ್ಲಿ ಹೇಳಲು ನಾಚಿಕೆಯಾಯಿತು.

ಚಳ್ಳಕೆರೆ ಕಡೆಯ ನಮ್ಮ ಊರಿನಲ್ಲಿ ಹೆಂಗಸರು ಬಸ್ಸು ಹತ್ತುವ ದಿನ ಅರ್ಧ ಲೋಟ ಕಾಫಿಗೂ ಹಿಂದೆಮುಂದೆ ನೋಡುತ್ತಿದ್ದರು. ಬಸ್ಸು ನಿಂತಲ್ಲೆಲ್ಲ ಗಂಡಸರು ಇಳಿದು ಗೋಡೆ ಹುಡುಕಿಕೊಂಡು ಹೋಗುತ್ತಿದ್ದರು. ನಾವು ಮಡಿಲು ನೋಡಿಕೊಂಡು ಕೂತಿರುತ್ತಿದ್ದೆವು. ಐದನೇ ತರಗತಿಯಲ್ಲಿ ಮೇಷ್ಟ್ರು ಒಂಟೆಯ ಪಾಠ ಮಾಡುತ್ತಾ, ನೀರಿಲ್ಲದೆ ದೂರ ಪ್ರಯಾಣ ಮಾಡುವುದರಲ್ಲಿ ಇದಕ್ಕೆ ಸಮನಾದ ಪ್ರಾಣಿ ಇಲ್ಲವೆಂದರು. ನನಗೆ ನಂಬಿಕೆ ಬರಲಿಲ್ಲ. ನಮ್ಮಜ್ಜಿ ಹಾಗೆಯೇ ತಿರುಪತಿಗೆ ಹೋಗಿ ಬಂದಿದ್ದಳು. ಎದ್ದು ಹೇಳುವ ಧೈರ್ಯವಿಲ್ಲದ್ದರಿಂದ ಒಂಟೆಗೇ ಕೀರ್ತಿ ಉಳಿಯಿತು.

ದೇಶ ಸುತ್ತು, ಕೋಶ ಓದು ಎಂದರಲ್ಲ, ಅದನ್ನು ಹೇಳಿದವರು ಖಂಡಿತ ಗಂಡಸರು. ಸುತ್ತುವಾಗ ಎಲ್ಲಿ ನಿಲ್ಲಬೇಕೆಂದು ಅದರಲ್ಲಿ ಒಂದು ಮಾತಿಲ್ಲ. ಹರಿಕಥೆಗಳಲ್ಲಿ ಎಷ್ಟೊಂದು ರಥಗಳು ಎಷ್ಟೊಂದು ಕಾಡು ದಾಟಿದವು. ಯಾವ ರಾಣಿಯೂ ಸಾರಥಿಯ ಕಡೆ ಬಾಗಿ, ಸ್ವಲ್ಪ ನಿಲ್ಲಿಸಪ್ಪ ಎಂದದ್ದನ್ನು ನಾನು ಕೇಳಿಲ್ಲ. ಅವರಿಗೂ ನನ್ನದೇ ಕಾಯಿಲೆ ಇದ್ದಿರಬೇಕು.

ಹಿಂದಿನ ಸೀಟಿನಲ್ಲಿ ಕೂರುವುದು ನನಗೆ ಹೊಸದಲ್ಲ. ನಿಮ್ಮ ತಾತನ ಮೊಪೆಡ್ಡಿನ ಹಿಂದೆ ಮೂವತ್ತು ವರ್ಷ ಕೂತಿದ್ದೇನೆ, ಸೀರೆಯುಟ್ಟು, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು. ಅವರು "ಕೂತ್ಯಾ?" ಎನ್ನುತ್ತಿದ್ದರು, ನಾನು ಬೆನ್ನು ತಟ್ಟುತ್ತಿದ್ದೆ. ಗಾಡಿಯ ಮೇಲಿನ ನಮ್ಮ ಸಂಭಾಷಣೆ ಅಷ್ಟೇ. ಒಮ್ಮೆ ಪೆಟ್ರೋಲ್ ಬಂಕಿನಲ್ಲಿ ನಾನು ಇಳಿದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಅವರು ಹೊರಟೇಬಿಟ್ಟರು. ಕೂಗಬಹುದಿತ್ತು, ಬಂಕಿನಲ್ಲಿ ನಾಲ್ಕು ಜನ ನಿಂತಿದ್ದರು, ಕೂಗಲಿಲ್ಲ. ಅವರು ಮೂರು ಮೈಲಿ ಹೋಗಿ, ತಮ್ಮ ಸೋದರತ್ತೆಯ ಮನೆ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ಹಿಂತಿರುಗಿ ನೋಡಿದಾಗಲೇ ಗೊತ್ತಾದದ್ದು. ಅವರದೇನೂ ತಪ್ಪಿಲ್ಲ. ನಾನು ಇದ್ದಾಗಲೂ ಇಲ್ಲದಿದ್ದಾಗಲೂ ಹಿಂದಿನ ಸೀಟಿನಿಂದ ಬರುತ್ತಿದ್ದ ಸದ್ದು ಒಂದೇ.

ಈಗ ಈ ವರ್ಷದ ಜೂನಿಗೆ ಬರೋಣ. ನಿಮ್ಮಮ್ಮ ಐವತ್ತಕ್ಕೆ ಕಾಲಿಟ್ಟಳು. ಮಿಷಿಗನ್ನಿನ ವಾರೆನ್‌ನಲ್ಲಿ ಹಗಲೆಲ್ಲ ಕಾರುಗಳ ಬ್ರೇಕು ಪರೀಕ್ಷಿಸುವ ಇಂಜಿನಿಯರಿಗೆ ಒಮ್ಮೆಯಾದರೂ ಬ್ರೇಕು ಹಾಕದೆ ಪಶ್ಚಿಮ ಸಮುದ್ರದವರೆಗೆ ಹೋಗಬೇಕೆಂಬ ಹುಚ್ಚು. ಜೊತೆಗೆ ಬರಬೇಕಾಗಿದ್ದ ಗೆಳತಿಗೆ ಮಂಡಿನೋವು. ನಿಮ್ಮಪ್ಪನಿಗೆ ಬೆನ್ನುನೋವು. ನಿಮಗೆ ಕಾಲೇಜಿನ ಬೇಸಿಗೆ ಕ್ಲಾಸು. ಊಟದ ಮೇಜಿನಲ್ಲಿ ಅವಳು, "ಹೋಗ್ಲಿ ಬಿಡು, ಕ್ಯಾನ್ಸಲ್ ಮಾಡ್ತೀನಿ" ಎಂದಾಗ ನಾನು ಬರುತ್ತೇನೆ ಎಂದೆ. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದೆ. ನಿಮ್ಮಪ್ಪ ತಟ್ಟೆಯಿಂದ ತಲೆ ಎತ್ತಿ, "ಅತ್ತೆ ಏನೋ ಹೇಳ್ತಿದಾರೆ" ಎಂದ.

ನಿಮ್ಮಪ್ಪ ಪ್ರಕಾಶನ ಬಗ್ಗೆ ಒಂದು ಮಾತು. ಹನ್ನೊಂದು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. "ಊಟ ಆಯ್ತಾ ಅತ್ತೆ?" "ಆಯ್ತು." "ಮಾತ್ರೆ ತಗೊಂಡ್ರಾ?" "ಹೂಂ." ಇದಕ್ಕಿಂತ ಉದ್ದದ ಮಾತು ನಮ್ಮಿಬ್ಬರ ನಡುವೆ ಆದದ್ದಿಲ್ಲ. ಅವನೂ ನನ್ನಷ್ಟೇ ಸಂಕೋಚದವನು. ಮೇಲಾಗಿ ನಮ್ಮ ಕಡೆ ಅಳಿಯನ ಮುಂದೆ ಅತ್ತೆ ಆಕಳಿಸುವುದೂ ಇಲ್ಲ. ಹಾಗಿರುವಾಗ ನನ್ನ ಮಾತನ್ನು ಮೊದಲು ಕೇಳಿಸಿಕೊಂಡವನು ಅವನೇ ಆದದ್ದು ನನಗೆ ಸೋಜಿಗ.

ಹೊರಟ ದಿನ ದಪ್ಪ ಪ್ಯಾಂಟು, ಮೊಣಕೈಗೆ ತಟ್ಟೆ ಕಟ್ಟಿದ ಜಾಕೆಟ್ಟು, ತಲೆಗೆ ಹೆಲ್ಮೆಟ್ಟು ಹಾಕಿ, ಆಯುಸ್ಸಿನಲ್ಲೇ ಮೊದಲ ಬಾರಿಗೆ ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಹಾಕಿ ಕೂತೆ. ಆ ಸುಖವನ್ನು ಏನೆಂದು ಹೇಳಲಿ. ಮೂವತ್ತು ವರ್ಷ ಬಲಗಡೆಯ ಅರ್ಧ ಪ್ರಪಂಚವನ್ನು ನಾನು ನೋಡಿಯೇ ಇರಲಿಲ್ಲ. ಈಗ ಎರಡೂ ಕಡೆ ಮಿಷಿಗನ್ನಿನ ಜೋಳದ ಹೊಲ, ನಡುವೆ ನಾನು.

ಹೆಲ್ಮೆಟ್ಟಿನಲ್ಲಿ ಮೈಕು ಇದೆ, ಸ್ಪೀಕರು ಇದೆ. ಮೆಲ್ಲಗೆ ಆಡಿದ ಮಾತೂ ಓಡಿಸುವವರ ಕಿವಿಗೆ ಹೋಗುತ್ತದೆ. ನನ್ನಂಥವಳಿಗೆಂದೇ ಮಾಡಿದ ಯಂತ್ರ. ಆದರೆ ಫೋನೂ ಅದಕ್ಕೇ ಸೇರಿತ್ತು. ಅರ್ಧ ಗಂಟೆಗೊಮ್ಮೆ ಮನೆಯಿಂದ ನಿಮ್ಮಪ್ಪ. "ಎಲ್ಲಿದೀರಾ? ಮೈಲ್ಸ್ ಎಷ್ಟಾಯ್ತು? ಗಾಳಿ ಇದೆಯಾ?" ಅವನ ದನಿ ನನ್ನ ಎರಡೂ ಕಿವಿಯಲ್ಲಿ. ಅವನು ಫೋನಿಟ್ಟ ಮೇಲೂ ಇನ್ನೂ ಅಲ್ಲೇ ಕೂತಿದ್ದಾನೆ ಎನ್ನಿಸುತ್ತಿತ್ತು. ಅಳಿಯ ಹೆಲ್ಮೆಟ್ಟಿನೊಳಗೆ ಇರುವಾಗ ಅತ್ತೆ ಯಾವ ಬಾಯಿಂದ ನಿಲ್ಲಿಸು ಎಂದಾಳು? ಅದಕ್ಕೇ ನಾನು ನನ್ನ ಹಳೆಯ ಉಪಾಯ ಹಿಡಿದಿದ್ದೆ. ವಸುಧಾ ಎರಡು ಕಡೆ ಪೆಟ್ರೋಲ್, ನಿಮ್ಮ ಭಾಷೆಯಲ್ಲಿ ಗ್ಯಾಸ್, ಹಾಕಿಸಲು ನಿಂತು ಬಾಟಲಿ ಕೊಟ್ಟಾಗ ತುಟಿಗೆ ತಾಗಿಸಿ ಹಿಂದಕ್ಕೆ ಕೊಟ್ಟೆ. "ಬಾತ್‌ರೂಮ್?" ಎಂದರೆ "ಬೇಡ" ಎಂದೆ. ಮುನ್ನೂರು ಮೈಲಿ, ಫ್ಯಾರನ್‌ಹೀಟಿನಲ್ಲಿ ತೊಂಬತ್ತು ಡಿಗ್ರಿ ಬಿಸಿಲು.

ಮೊದಲ ದಿನದ ತಂಗು ಲಿಸ್ಲ್ ಎಂಬ ಊರಿನಲ್ಲಿ, ನಸೀಮಾಳ ಮನೆಯಲ್ಲಿ. ರಾಣೆಬೆನ್ನೂರಿನವಳು, ಇಲ್ಲಿ ಆಸ್ಪತ್ರೆಯಲ್ಲಿ ನರ್ಸು. ದಾವಣಗೆರೆಯಲ್ಲಿ ಓದುವಾಗ ಅವಳೂ ವಸುಧಾಳೂ ಒಂದೇ ಹಾಸ್ಟೆಲಿನಲ್ಲಿದ್ದರು. ಅವಳು ಬಾಗಿಲು ತೆರೆದು ಕೈ ಚಾಚಿಕೊಂಡು ಬಂದಳು. ನಾನು ಗಾಡಿ ಇಳಿದೆ, ಎರಡು ಹೆಜ್ಜೆ ಇಟ್ಟೆ. ಅವಳ ಮನೆಯೂ ಆಕಾಶವೂ ಜಾಗ ಬದಲಾಯಿಸಿದವು.

ಕಣ್ಣು ಬಿಟ್ಟಾಗ ಹುಲ್ಲಿನ ಮೇಲೆ ಮಲಗಿದ್ದೆ. ನಸೀಮಾ ನನ್ನ ನಾಡಿ ಹಿಡಿದಿದ್ದಳು.

"ಏನ್ರಿ ಆಂಟಿ, ಮನಿ ಒಳಗ ಹಾಸಿಗಿ ಹಾಸೇನಿ, ನೀವು ಲಾನ್ ಮ್ಯಾಲೆ ಮಲಗೀರಿ" ಎಂದಳು. ಆಮೇಲೆ ನನ್ನ ನಾಲಿಗೆ ನೋಡಿ, "ನೀರು ಕುಡ್ದಿಲ್ಲ ಹೌದಿಲ್ಲೋ? ನಮ್ಮವ್ವನೂ ಹಿಂಗ. ಹುಬ್ಬಳ್ಳಿ ಮುಟ್ಟೋತನ ಬಾಯಿ ಬಿಗಿ ಹಿಡ್ದು ಕುಂದ್ರಾಕಿ. ಕಡಿಗೆ ಕಿಡ್ನ್ಯಾಗಿನ ಕಲ್ಲು ತಗಸ್ಬೇಕಾತು" ಎಂದಳು.

ವಸುಧಾ ಅಳುತ್ತಿದ್ದಳು, ಸಿಟ್ಟೂ ಬಂದಿತ್ತು. "ಅಮ್ಮ, ನೀನು ನನ್ನ ಹಿಂದೆ ಕೂತು ಸ್ಪೀಡಲ್ಲಿ ಹೋಗ್ತಾ ತಲೆ ತಿರುಗಿ ಬಿದ್ದಿದ್ರೆ? ನಾಳೆ ಓಹೇರ್ ಏರ್‌ಪೋರ್ಟಿನಿಂದ ಫ್ಲೈಟು. ಒಂದು ಗಂಟೇಲಿ ಮನೆ. ನಾನು ಒಬ್ಬಳೇ ಹೋಗ್ತೀನಿ."

"ಇನ್ನು ಮೇಲೆ ಹೇಳ್ತೀನಿ" ಎಂದೆ.

"ನೀನು ಹೇಳಲ್ಲ. ಐವತ್ತು ವರ್ಷದಿಂದ ನೋಡ್ತಿದೀನಿ."

ಆ ರಾತ್ರಿ ಹಾಸಿಗೆಯಲ್ಲಿ ಮಲಗಿ ಎರಡೂ ಕಡೆಯ ಜೋಳದ ಹೊಲ ನೆನೆಸಿಕೊಂಡೆ. ಅದು ಇನ್ನೂ ಎರಡು ಸಾವಿರ ಮೈಲಿ ಉದ್ದವಿತ್ತು. ಇಲ್ಲಿಂದ ಹಿಂದಕ್ಕೆ ಹೋದರೆ ನಾನು ಮತ್ತೆ ಯಾವ ಗಾಡಿಯನ್ನೂ ಹತ್ತುವುದಿಲ್ಲವೆಂದು ಗೊತ್ತಿತ್ತು. ಹತ್ತಿಸುವವರೂ ಇರುವುದಿಲ್ಲ.

ಬೆಳಿಗ್ಗೆ ರಾಜಿ ಮಾಡಿಸಿದವಳು ನಸೀಮಾ. ಡೆಸ್ ಪ್ಲೇನ್ಸ್ ಎಂಬ ಊರಿನ ಅಂಗಡಿಯಲ್ಲಿ ನನಗಾಗಿ ಹೇಳಿಟ್ಟಿದ್ದ ಮಳೆ ಅಂಗಿ ತೆಗೆದುಕೊಳ್ಳಲು ಹೇಗೂ ಹೋಗಬೇಕಿತ್ತು. ಏರ್‌ಪೋರ್ಟು ಅದರ ಪಕ್ಕದಲ್ಲೇ. ಪಶ್ಚಿಮಕ್ಕೆ ಹೋಗುವ ಹೈವೇಯೂ ಅಲ್ಲಿಂದಲೇ. "ಅಷ್ಟರಾಗ ಆಂಟಿ ತಾವಾಗೇ ಬಾಯಿ ಬಿಟ್ಟು ನಿಲ್ಲಿಸು ಅಂದ್ರ ಮುಂದಕ್ಕ ಕರ್ಕೊಂಡು ಹೋಗು. ಅನ್ನಲಿಲ್ಲಂದ್ರ ಇಮಾನ ಹತ್ತಿಸು" ಎಂದಳು. ವಸುಧಾ ಒಪ್ಪಿದಳು, ತಾನೇ ಗೆಲ್ಲುವಳೆಂಬ ಧೈರ್ಯದಲ್ಲಿ. ಸುಳ್ಳು ಹೇಳಿ ನಿಲ್ಲಿಸುವವಳು ನಾನಲ್ಲವೆಂದು ನಸೀಮಾಳಿಗೂ ಗೊತ್ತಿತ್ತು. ಎರಡು ಲೋಟ ಮಜ್ಜಿಗೆ ಕುಡಿಸಿ, ಒಂದು ತಟ್ಟೆ ಕಲ್ಲಂಗಡಿ ತಿನ್ನಿಸಿ, ಮೇಲೆ ಚಹಾ ಕೊಟ್ಟು, "ಇನ್ನ ನಿಮ್ಮ ಹಣೆಬರ" ಎಂದು ಹೆಲ್ಮೆಟ್ಟಿನ ಪಟ್ಟಿ ಬಿಗಿದಳು.

ಲಿಸ್ಲ್‌ನಿಂದ ಡೆಸ್ ಪ್ಲೇನ್ಸ್ ಇಪ್ಪತ್ತೈದು ಮೈಲಿ. ಹೈವೇ ತುಂಬ ಕಾರು. ಹತ್ತನೇ ಮೈಲಿಗೆ ಕಲ್ಲಂಗಡಿ ಮಾತಾಡತೊಡಗಿತು. ಹೇಳಬೇಕೆಂದು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಟಿಂಗ್ ಎಂದಿತು, ಹೆಲ್ಮೆಟ್ಟಿನೊಳಗೆ ನಿಮ್ಮಪ್ಪ. ನಾನು ಬಿದ್ದ ಸುದ್ದಿ ಕೇಳಿದಾಗಿನಿಂದ ಅವನಿಗೆ ಸಮಾಧಾನವಿಲ್ಲ. ಅದನ್ನು ಹೇಳಲೂ ಬಾರದೆ ಲಾನಿನ ಸ್ಪ್ರಿಂಕ್ಲರು ಕೆಟ್ಟಿರುವ ಬಗ್ಗೆ ವಿವರವಾಗಿ ಹೇಳುತ್ತಿದ್ದ. ನೀರು ಯಾವ ತೂತಿನಿಂದ ಹೇಗೆ ಚಿಮ್ಮುತ್ತಿದೆ ಎಂದು. ಆ ಹೊತ್ತಿನಲ್ಲಿ ಕೇಳಬಾರದ ಕಥೆ ಅದೊಂದೇ.

ವಿಮಾನಗಳು ತಲೆಯ ಮೇಲೆ ಚಕ್ರ ಕಾಣುವಷ್ಟು ಕೆಳಗೆ ಇಳಿಯತೊಡಗಿದವು. ಏರ್‌ಪೋರ್ಟಿನ ಹಸಿರು ಬೋರ್ಡು ಬಂತು. ವಸುಧಾ ಆ ಕಡೆಗೆ ಇಂಡಿಕೇಟರ್ ಹಾಕಿದಳು. ಅದರ ದೀಪ ಮಿಣುಕುವುದನ್ನು ಅವಳ ಭುಜದ ಮೇಲಿಂದ ನೋಡಿದೆ.

"ವಸು" ಎಂದೆ.

"ಏನಮ್ಮ?"

ನಿಮ್ಮಪ್ಪ ಸ್ಪ್ರಿಂಕ್ಲರಿನ ಕಥೆ ನಿಲ್ಲಿಸಿದ. ಅವನ ಮೌನವೂ ಎರಡು ಕಿವಿಯಲ್ಲಿ ಕೇಳಿಸುತ್ತಿತ್ತು.

"ನಿಲ್ಲಿಸು. ನಾನು ಬಾತ್‌ರೂಮಿಗೆ ಹೋಗಬೇಕು. ಬೇಗ ಹೋಗಬೇಕು."

ಭೂಮಿ ಬಾಯಿ ಬಿಡಲಿ ಎಂದು ಕಣ್ಣು ಮುಚ್ಚಿಕೊಂಡೆ. ಕಿವಿಯಲ್ಲಿ ಕೀಬೋರ್ಡಿನ ಟಕಟಕ ಸದ್ದು. ಆಮೇಲೆ ನಿಮ್ಮಪ್ಪನ ದನಿ, ಎಂದಿನಂತೆ ಮೆಲ್ಲಗೆ:

"ಅತ್ತೆ, ನೋಡ್ತಿದೀನಿ. ಏರ್‌ಪೋರ್ಟ್ ಎಕ್ಸಿಟ್ ಬಿಡಿ. ಅದರ ಮುಂದಿನದು ತಗೊಂಡು ರೈಟ್ ಹೋದ್ರೆ ಗ್ಯಾಸ್ ಸ್ಟೇಷನ್. ರಿವ್ಯೂ ಓದ್ದೆ, ಕ್ಲೀನಾಗಿದೆಯಂತೆ. ಮೂರು ನಿಮಿಷ. ಆಗುತ್ತಾ?"

"ಆಗುತ್ತೆ" ಎಂದೆ.

"ವಸು, ಸ್ವಲ್ಪ ಬೇಗ ಓಡಿಸು" ಎಂದ.

ವಸುಧಾ ಇಂಡಿಕೇಟರ್ ಆರಿಸಿದಳು. ನಗುವಿಗೆ ಅವಳ ಬೆನ್ನು ಕುಣಿಯುತ್ತಿತ್ತು. ನಾನೂ ನಕ್ಕೆ, ನಗಬಾರದ ಸ್ಥಿತಿಯಲ್ಲಿದ್ದೆ, ಆದರೂ ನಕ್ಕೆ.

ಅಂದಿನಿಂದ ನಿಮ್ಮಪ್ಪ ಪ್ರತಿ ಬೆಳಿಗ್ಗೆ ನನಗೇ ಫೋನು ಮಾಡತೊಡಗಿದ. ವಿಸ್ಕಾನ್ಸಿನ್ನಿನಲ್ಲಿ ಯಾವ ಎಕ್ಸಿಟ್, ಮಿನೆಸೋಟದಲ್ಲಿ ಯಾವುದು, ಎಲ್ಲಿ ಕ್ಯೂ ಇರುತ್ತದೆ, ಎಲ್ಲಿ ಬಾಗಿಲಿನ ಚಿಲಕ ಸರಿಯಿಲ್ಲ, ಎಲ್ಲವನ್ನೂ ಹಿಂದಿನ ದಿನವೇ ಓದಿಟ್ಟಿರುತ್ತಿದ್ದ. "ಅತ್ತೆ, ಇವತ್ತು ಧೈರ್ಯವಾಗಿ ಒಂದು ಲೀಟರ್ ಕುಡೀರಿ. ರೂಟ್ ಚೆನ್ನಾಗಿದೆ" ಎನ್ನುತ್ತಿದ್ದ. ಹನ್ನೊಂದು ವರ್ಷದಲ್ಲಿ ಆಡದಷ್ಟು ಮಾತನ್ನು ಹತ್ತು ದಿನದಲ್ಲಿ ಆಡಿದೆವು. ಶುರುವಾದದ್ದು ಆ ವಿಷಯದಿಂದ. ಅಲ್ಲಿಂದ ಹವಾಮಾನಕ್ಕೆ ಹೋಗಿ, ಅವನ ಅಮ್ಮ ಮಾಡುತ್ತಿದ್ದ ಹುಣಸೆ ಗೊಜ್ಜಿಗೆ ಹೋಗಿ, ಅವನು ಬಾಲ್ಯದಲ್ಲಿ ತೊದಲುತ್ತಿದ್ದ ಸಂಗತಿಗೂ ಹೋಯಿತು. ಆ ತೊದಲಿನ ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ಇಲ್ಲಿ ನಿಮ್ಮಮ್ಮ ಕೆಮ್ಮಿದರೆ, ಮತ್ತೊಮ್ಮೆ ಓದಲು ಹೇಳಿ.

ಸೌತ್ ಡಕೋಟದಲ್ಲಿ ಒಂದು ಮಧ್ಯಾಹ್ನ ಹೈವೇ ಬಿಟ್ಟು ಚಿಕ್ಕ ರಸ್ತೆ ಹಿಡಿದಿದ್ದೆವು. ಮರವಿಲ್ಲ, ಮನೆಯಿಲ್ಲ, ತಂತಿ ಬೇಲಿಯೂ ಇಲ್ಲ. ಹುಲ್ಲು, ಅದರ ಮೇಲೆ ಗಾಳಿ. ಗಾಳಿ ಬೀಸಿದ ಕಡೆ ಹುಲ್ಲೆಲ್ಲ ಬೆಳ್ಳಗೆ ಮಗ್ಗುಲು ಬದಲಾಯಿಸುತ್ತಿತ್ತು.

"ನಿಲ್ಲಿಸು" ಎಂದೆ.

ವಸುಧಾ ಬದಿಗೆ ತಂದು ನಿಲ್ಲಿಸಿದಳು. ಹೆಲ್ಮೆಟ್ಟಿನೊಳಗಿದ್ದ ನಿಮ್ಮಪ್ಪ ಗಾಬರಿಯಿಂದ ಟಕಟಕ ಹುಡುಕತೊಡಗಿದ. "ಅತ್ತೆ, ಸ್ವಲ್ಪ ತಡೀರಿ. ಸುತ್ತ ನಲವತ್ತು ಮೈಲಿ ಏನೂ ಕಾಣಿಸ್ತಿಲ್ಲ. ಅಲ್ಲಿ ಏನೂ ಇಲ್ಲ ಅತ್ತೆ."

"ಹೌದಪ್ಪ" ಎಂದೆ. "ಅದನ್ನೇ ನೋಡಬೇಕಾಗಿತ್ತು."