ಎಡಕ್ಕೆ ಒಂದು ನೆಲ್ಲು

ಕಾಮರಾಜನ ಬಲಹೆಗಲು ಸರಿಯಾಗಿ ಕೂಡಿಕೊಳ್ಳಲೇ ಇಲ್ಲ. ಚಿನ್ನಮನೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದಾಗ ಮುರಿದ ಮೂಳೆ ಗಂಟು ಕಟ್ಟಿದಂತೆ ಬೆಸೆದುಕೊಂಡಿತ್ತು. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುವುದು ಆ ಗಂಟಿಗೇ.

ಸೈನ್ಯ ಬಿಟ್ಟು ಬಂದು ಉತ್ತಮಪಾಳಯದಲ್ಲಿ ಬಾಳೆ ಬೆಳೆಯುತ್ತಿದ್ದ ಅವನು ತಿಂಗಳಿಗೊಂದು ಭಾನುವಾರ ತೇನಿಯಾಚೆಯ ರೈಫಲ್ ಕ್ಲಬ್ಬಿಗೆ ಹೋಗುವುದನ್ನು ತಪ್ಪಿಸುತ್ತಿರಲಿಲ್ಲ. ಜೊತೆಗೆ ಹೆಂಡತಿ ಅಮುದಾ. ಅವನು ಬೋರಲು ಮಲಗಿ ಗುರಿ ಹಿಡಿದರೆ, ಅವಳು ಅವನ ಎಡಕ್ಕೆ ಕೂತು ದುರ್ಬೀನಿನಲ್ಲಿ ಹಲಗೆ ನೋಡಿ ಎಷ್ಟು ತಪ್ಪಿತೆಂದು ಹೇಳುವಳು. ಅಳತೆ ಅವಳದೇ, ಬಿತ್ತನೆಯ ಭತ್ತ, ರಾಗಿ ಆರಿಸಿ ಪಳಗಿದ ಕಣ್ಣಿನದು. "ಎಡಕ್ಕೆ ಒಂದು ನೆಲ್ಲು. ಕೆಳಕ್ಕೆ ಅರೆ ರಾಗಿ." ಅವರ ಮನೆಮಾತಾದ ಕನ್ನಡದಲ್ಲಿ ಧಾನ್ಯದ ಹೆಸರಷ್ಟೇ ತಿಳಿಯುತ್ತಿದ್ದ ಪಕ್ಕದವರು, ಗಂಡ ಹೆಂಡತಿ ಏನು ಅಡುಗೆ ಮಾಡುತ್ತಿದ್ದೀರಿ ಎಂದು ತಮಿಳಿನಲ್ಲಿ ಕಿಚಾಯಿಸುವರು. ‘ಎಷ್ಟು?’ ಎಂಬ ಅವನ ಗೊಣಗು ಕೇಳಲೆಂದು ಅವಳು, ಗುಂಡಿನ ಸದ್ದಿಗೆಂದು ಹಾಕಿದ ಕಿವಿಮುಚ್ಚಳವನ್ನು ಅವನ ಕಡೆಗಿದ್ದ ಬಲಗಿವಿಯಿಂದ ಎತ್ತಿಕೊಳ್ಳುತ್ತಿದ್ದಳು. ಮತ್ತೆ ಇಳಿಸಲು ಎಷ್ಟೋ ಸಲ ಮರೆಯುತ್ತಿದ್ದಳು.

ಒದೆತ ತಗ್ಗಬೇಕು, ಇಲ್ಲವೇ ರೈಫಲ್ ಬಿಡಬೇಕು ಎಂದರು ಹೆಗಲು ನೋಡಿದ ಡಾಕ್ಟರು. ಇಬ್ಬರೂ ದಿಂಡಿಗಲ್ಲಿಗೆ ಹೋದರು. ಬಂದೂಕು ರಿಪೇರಿಯ ಮೋಹನ್‌ರಾಜ್ ಕೂಡ ಕನ್ನಡ ಮನೆಮಾತಿನ, ಇವರ ಜನದವನೇ. ಹೆಬ್ಬೆರಳಿನಷ್ಟು ದಪ್ಪದ, ಪಕ್ಕಗಳಲ್ಲಿ ಸೀಳುಗಳಿದ್ದ ಉಕ್ಕಿನ ತುಂಡೊಂದನ್ನು ಮೇಜಿನ ಮೇಲಿಟ್ಟ.

"ಇದೇ ಮಝಲ್ ಬ್ರೇಕು. ನಳಿಗೆ ತುದಿಗೆ ತಿರುಪಿಬಿಟ್ರೆ ಹೊಗೆ ಪಕ್ಕಕ್ಕೆ ನುಗ್ತದೆ, ಒದೆತ ಇಳೀತದೆ. ಆದ್ರೆ ಅಣ್ಣಾ, ಸದ್ದೂ ಪಕ್ಕಕ್ಕೇ ಬತ್ತದೆ. ಅಕ್ಕ ಎಲ್ಲಿ ಕೂತ್ಕೊಳ್ತಾರೆ?"

ಕಾಮರಾಜ್ ಆ ತುಂಡನ್ನು ಎತ್ತಿ ಅದರ ಸೀಳುಗಳನ್ನು ತಿರುಗಿಸಿ ನೋಡಿದ.

"ಹಾಕು ತಂಬಿ," ಎಂದಳು ಅಮುದಾ, ಗಂಡನತ್ತ ಕಣ್ಣು ಹಾಯಿಸಿ. "ಮಾಮನ ಗೊರಕೆ ತಡ್ಕೊಂಡ ಕಿವಿ ಇದು. ಏನೂ ಆಗಾದಿಲ್ಲ."

ಆಲೋಚಿಸಿ ಹೇಳುತ್ತೇನೆಂದು ಕಾಮರಾಜ್ ಎದ್ದ. ತೇನಿಗೆ ಹೋಗುವ ಬಸ್ಸಿನಲ್ಲಿ ಲೆಕ್ಕ ಹಾಕುತ್ತಾ ಕೂತ. ಅವಳನ್ನು ದೂರ ಕೂರಿಸಿದರೆ ಮಾತು ತಲುಪದು. ಎರಡೂ ಕಿವಿ ಬಿಗಿಯಾಗಿ ಮುಚ್ಚಿದರೂ ಅಷ್ಟೇ. ಬ್ರೇಕ್ ಬೇಡವೆಂದರೆ ಆ ಭಾನುವಾರವೇ ಇಲ್ಲ.

"ನೀರು ಕೊಡು," ಎಂದ. ಅವನ ಎಡಕ್ಕೆ, ಕಿಟಕಿಯ ಪಕ್ಕ ಕೂತಿದ್ದ ಅವಳು ತಿರುಗಲಿಲ್ಲ. ಇನ್ನೊಮ್ಮೆ ಕೇಳಿದ, ಇಲ್ಲ. ಬತ್ತಲಗುಂಡಿನಲ್ಲಿ ಬಸ್ಸು ನಿಂತಾಗ, ಗಾಳಿ ಬೇಕೆಂಬ ನೆಪ ಹೇಳಿ ಜಾಗ ಬದಲಿಸಿ, ಕಿಟಕಿಯ ಕಡೆಗೆ, ಅವಳ ಎಡಕ್ಕೆ ಕೂತ. ಅದೇ ದನಿಯಲ್ಲಿ, "ನೀರು ಕೊಡು." ಕೂಡಲೇ ಬಾಟಲಿ ಬಂತು.

ಅವನು ಕುಡಿಯಲಿಲ್ಲ. "ಯಾವಾಗಿಂದ?"

ಅವಳು ಮಡಿಲು ನೋಡಿಕೊಂಡಳು. "ಹೋದ ವರ್ಷದ ಕ್ಲಬ್ ಪಂದ್ಯದಿಂದ. ಬಲಗಿವಿ ಒಳಗೊಂದು ಕುಕ್ಕರು ಕೂಗ್ತಾನೇ ಅದೆ."

"ನಾ ಕೇಳಿದ್ದಕ್ಕೆಲ್ಲಾ ಹೇಳ್ತಿದ್ದೆಯಲ್ಲ?"

"ನೀವ್ ಕೇಳೋದು ‘ಎಷ್ಟು’ ಅಂತ ಒಂದೇ ಮಾತು ಮಾಮಾ. ಅದಕ್ಕೆ ಕಣ್ಣು ಸಾಕು."

"ಮೊದ್ಲೇ ಹೇಳಬಾರ್ದಾಗಿತ್ತಾ?"

"ಹೇಳಿದ್ರೆ ನಿಲ್ಸಿಬಿಡ್ತಿದ್ರಿ."

ತೇನಿಯ ಡಾಕ್ಟರು ಆ ಕಿವಿ ನೋಡಿ, ಹೋದದ್ದು ಬಾರದು, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು. ಕಾಮರಾಜ್ ಒಬ್ಬನೇ ದಿಂಡಿಗಲ್ಲಿಗೆ ಹೋಗಿ, ರೈಫಲ್ಲನ್ನು ಮಾರಾಟಕ್ಕೆಂದು ಕಾನೂನಿನಂತೆ ಒಪ್ಪಿಸಿದ. ಬ್ರೇಕ್ ಇನ್ನೂ ಆ ಮೇಜಿನ ಮೇಲೇ ಇತ್ತು. ಮೋಹನ್‌ರಾಜ್ ಅದನ್ನು ಮೆಲ್ಲಗೆ ಡ್ರಾಯರಿಗೆ ಸರಿಸಿದ.

"ಅಕ್ಕ ಬರ್ಲಿಲ್ವಾ?"

"ಇಲ್ಲ."

ಕ್ಲಬ್ಬಿಗೆ ಹೋಗಬೇಕಾದ ಭಾನುವಾರ ಬಂತು. ಅಮುದಾ ಹಜಾರದಲ್ಲಿ ಮೊರ ಹಿಡಿದು ರಾಗಿ ಆರಿಸುತ್ತಿದ್ದಳು. ಕಾಮರಾಜ್ ಸ್ಟೂಲಿನ ಮೇಲೆ ನಿಂತು ಗೋಡೆಗೆ ಅಪ್ಪನ ಫೋಟೋ ನೇತುಹಾಕಿ, ರೂಢಿಯಂತೆ, "ಎಷ್ಟು?" ಎಂದ.

ಉತ್ತರ ಬರಲಿಲ್ಲ. ಅವನಿದ್ದದ್ದು ಅವಳ ಬಲಕ್ಕೆ. ಫೋಟೋ ಓರೆಯಾಗಿಯೇ ಇತ್ತು. ಅವನು ಇಳಿದು, ಅವಳನ್ನು ಬಳಸಿಕೊಂಡು ಎಡಕ್ಕೆ ಬಂದು ಕೂತ. ಮೊರದ ಇನ್ನೊಂದು ಅಂಚಿನಿಂದ ಕಲ್ಲು ಆರಿಸತೊಡಗಿದ.